ದ್ಯಾಮಪ್ಪನ ಬಾಯಿಗೆ ಬೆಂಗಳೂರು ಮಾತು

ಸಂಶಿಯ ಮಹಾದೇವಕ್ಕನಿಗೆ ಸಿಟ್ಟು ಬರಲು ಮನುಷ್ಯರೇ ಬೇಕೆಂದಿರಲಿಲ್ಲ, ಒಂದು ಪುಸ್ತಕ ಸಾಕಾಗುತ್ತಿತ್ತು. ಗಂಡ ಮಡಿವಾಳೆಪ್ಪ ಮೆಣಸಿನಕಾಯಿ ವ್ಯಾಪಾರಿ, ತಣ್ಣಗಿನ ಮನುಷ್ಯ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಒಂದೇ, ಗೋಡೆಯ ಮೇಲೆ ಮಾಡಿಕೊಳ್ಳುವುದೂ ಒಂದೇ. ಅದಕ್ಕೇ ಇರಬೇಕು, ಆಕೆ ತನ್ನ ಸಿಟ್ಟನ್ನೆಲ್ಲ ಕಾದಂಬರಿ ಬರೆಯುವವರಿಗಾಗಿ ಜೋಪಾನ ಮಾಡಿಟ್ಟಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಆ ಮನೆಯ ಪಡಸಾಲೆಯಿಂದ "ಥೂ, ಇವನ ಕೈ ಸೇದಿ ಹೋಗ್ಲಿ" ಎಂಬ ಮಾತು ಕೇಳಿಬಂದರೆ ನೆರೆಯವರು ಗಾಬರಿಯಾಗುತ್ತಿರಲಿಲ್ಲ. ಅಕ್ಕ ಹೊಸ ಪುಸ್ತಕ ತಂದಿದ್ದಾಳೆ ಎಂದುಕೊಂಡು ತಮ್ಮ ಕೆಲಸ ಮುಂದುವರಿಸುತ್ತಿದ್ದರು.

ಆಕೆ ಅಣ್ಣಿಗೇರಿಯ ಕನ್ನಡ ಶಾಲೆಯ ಮಾಸ್ತರರ ಮಗಳು. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಮರು ವರ್ಷವೇ ಮದುವೆ ಮಾಡಿ ಸಂಶಿಗೆ ಕಳಿಸಿದರು. ಅತ್ತೆ ರೇವವ್ವ ಕೆಟ್ಟವಳಲ್ಲ, ಆದರೆ ಹಗಲು ಹೊತ್ತಿನಲ್ಲಿ ಸೊಸೆಯ ಕೈಯಲ್ಲಿ ಪುಸ್ತಕ ಕಂಡರೆ ಮನೆಗೆ ದರಿದ್ರ ಬಂತೆಂದೇ ತಿಳಿಯುವವಳು. ಶ್ರಾವಣದಲ್ಲಿ ಪುರಾಣ ಓದುವುದಕ್ಕೆ ಮಾತ್ರ ಅಪ್ಪಣೆ ಇತ್ತು. ಓಣಿಯ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ರಾಜನಿಗೊಂದು ದನಿ, ಮಂತ್ರಿಗೊಂದು ದನಿ, ಶರಣನಿಗೊಂದು ದನಿ ಕೊಟ್ಟು ಓದುವುದನ್ನು ಮಹಾದೇವಕ್ಕ ಕಲಿತದ್ದು ಅಲ್ಲಿ. ಉಳಿದ ಹನ್ನೊಂದು ತಿಂಗಳು ಆಕೆಯ ಓದು ಎಂದರೆ ಕಿರಾಣಿ ಅಂಗಡಿಯಿಂದ ಬೆಲ್ಲ ಸುತ್ತಿಕೊಂಡು ಬಂದ ಹಳೇ ಪೇಪರು. ಅರ್ಧಕ್ಕೇ ಹರಿದುಹೋದ ಎಷ್ಟು ಸುದ್ದಿಗಳ ಕೊನೆ ಏನಾಯಿತೋ ಆಕೆಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಶಿವಾಧೀನಳಾದ ಮೇಲೆ ಪಂಚಾಯತಿಯ ಪಕ್ಕದ ಕೋಣೆಯಲ್ಲಿ ಒಂದು ವಾಚನಾಲಯ ಶುರುವಾಯಿತು. ಅದನ್ನು ನೋಡಿಕೊಳ್ಳಲು ಹುಲಿಗೆಪ್ಪ ಎಂಬ ತರುಣ ಬಂದ. ಹೆಣ್ಣುಮಗಳೆಂದು ಅವನು ಮೊದಲ ದಿನ ಒಂದು ಸಂಸಾರದ ಕಾದಂಬರಿ ಆರಿಸಿ ಕೊಟ್ಟ. ಮಹಾದೇವಕ್ಕ ಮಾರನೇ ದಿನವೇ ಅದನ್ನು ತಂದು ಅವನ ಮೇಜಿನ ಮೇಲೆ ಕುಕ್ಕಿದಳು.

"ಇದರಾಗ ಸೊಸಿ ಬರೇ ಅಳತಾಳ. ಅಳೂದು ನೋಡಾಕ ನಾ ಇಲ್ಲಿತನಕ ಯಾಕ ಬರಲಿ? ಆ ಕಪಾಟಿನ್ಯಾಗ ರಾಕೆಟ್ ಚಿತ್ರ ಐತಲ್ಲ, ಅದನ್ನ ಕೊಡಪಾ."

ಅಲ್ಲಿಂದ ಮುಂದೆ ಆಕೆ ಬೇರೆ ಕಪಾಟಿನ ಕಡೆ ತಿರುಗಿ ನೋಡಲಿಲ್ಲ. ಗ್ರಹಗಳು, ಪಾತಾಳ, ಗುಹೆ, ನಿಧಿ, ಯಂತ್ರಮಾನವ, ಸಮುದ್ರದ ತಳ. ಎಲ್ಲವನ್ನೂ ಓದಿದಳು. ಓದಿದಷ್ಟೂ ಸಿಟ್ಟಾದಳು.

ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಒಂದು ಪತ್ತೇದಾರಿ ಸಾಹಸದಲ್ಲಿ ನಾಯಕ ಮಳೆಗಾಲದಲ್ಲಿ ಎರೆಹೊಲದ ನಡುವೆ ಮೋಟರ್ ಸೈಕಲ್ ಓಡಿಸಿ ಕಳ್ಳನನ್ನು ಹಿಡಿಯುತ್ತಾನೆ. ಮಳೆ ಬಿದ್ದ ಎರೆಮಣ್ಣು ಎತ್ತಿನ ಕಾಲನ್ನೇ ಬಿಡುವುದಿಲ್ಲ, ಮನುಷ್ಯನ ಚಪ್ಪಲಿಯನ್ನಂತೂ ತಾನೇ ಇಟ್ಟುಕೊಳ್ಳುತ್ತದೆ. ಮಹಾದೇವಕ್ಕ ಆ ಪುಟವನ್ನು ಗಂಡನ ಮುಖಕ್ಕೆ ಹಿಡಿದು, "ನೋಡ್ರಿ, ನಿಮ್ಮ ಚಕ್ಕಡಿ ಮಾರಿಬಿಡ್ರಿ, ಇಂಥಾದ್ದೊಂದು ಗಾಡಿ ತಗೋರಿ" ಎಂದಳು. ಇನ್ನೊಂದರಲ್ಲಿ ನಾಯಕನ ಎದೆಗೆ ಪಿಸ್ತೂಲು ಹಿಡಿದ ಖಳ, ಕೊಲ್ಲುವುದನ್ನು ಬಿಟ್ಟು ತನ್ನ ಸಂಚನ್ನೆಲ್ಲ ಆದಿಯಿಂದ ವಿವರಿಸುತ್ತ ನಿಲ್ಲುತ್ತಾನೆ. "ಕೊಲ್ಲಾಕ ಬಂದಂವ ಭಾಷಣ ಮಾಡ್ತಾನ. ಏನು, ಪಂಚಾಯತಿ ಇಲೆಕ್ಷನ್ನಿಗೆ ನಿಂತಾನೇನಂವ?"

ಎಲ್ಲಕ್ಕಿಂತ ಹೆಚ್ಚು ಪಿತ್ತ ನೆತ್ತಿಗೇರಿಸಿದ್ದು ಸಮುದ್ರದ ತಳದ ಊರಿನ ಕಾದಂಬರಿ. ಅದರಲ್ಲಿ ವಿಜ್ಞಾನಿಯ ಜೊತೆ ಅವನ ಮಗಳೂ ಹೋಗುತ್ತಾಳೆ.

"ಕಾಲೇಜ್ ಕಲಿತಾಕಿ ಅಂತ ಮೊದಲ್ನೇ ಪುಟದಾಗ ತಾನ ಬರದಾನ," ಎಂದು ಹುಲಿಗೆಪ್ಪನ ಎದುರು ನಿಂತು ಹೇಳಿದಳು. "ಮುಂದ ನೋಡಿದ್ರ ಮುಲ್ಕಿ ಕಲಿತ ನನಗ ತಿಳಿಯೂದೂ ಅಕಿಗೆ ತಿಳಿಯಂಗಿಲ್ಲ. 'ಹಾಗೆಂದರೇನಪ್ಪಾ' ಅಂತ ಕೇಳೂದೊಂದ ಕೆಲಸ. ಮೀನ ಕಂಡ್ರ ಮೂರ್ಛಿ, ಕತ್ತಲಿ ಕಂಡ್ರ ಮೂರ್ಛಿ. ಅಂಥಾಕಿನ್ನ ಸಮುದ್ರಕ್ಕ ಯಾಕ ಒಯ್ದ್ರು? ಮನ್ಯಾಗ ಹಾಸಿಗಿ ಹಾಸಿ ಮಲಗಸಬೇಕಾಗಿತ್ತು."

"ಕಥಿ ಅಲ್ಲೇನ್ರಿ ಅಕ್ಕಾರ," ಎಂದ ಹುಲಿಗೆಪ್ಪ. "ಖರೇ ಇರತೈತೇನು ಅದು?"

"ಕಥಿ ಅಂತನ ಸಿಟ್ಟು ಬರತೈತಿ. ಸುಳ್ಳ ಹೇಳಾಕ ಕುಂತಂವ ನಂಬುವಂಗರ ಹೇಳಬೇಕಿಲ್ಲೋ?"

ಹಾಗಿದ್ದರೆ ಓದುವುದಾದರೂ ಏಕೆ ಎಂದು ಕೇಳಬಹುದು. ಮಡಿವಾಳೆಪ್ಪ ಕೇಳಿಯೂ ಇದ್ದ. ಒಮ್ಮೆ ಒಂದು ಹರಕು ಕಾದಂಬರಿಯಲ್ಲಿ, ನಾವು ಈಗ ನೋಡುತ್ತಿರುವ ನಕ್ಷತ್ರದ ಬೆಳಕು ಎಷ್ಟೋ ವರ್ಷಗಳ ಹಿಂದೆ ಅಲ್ಲಿಂದ ಹೊರಟದ್ದು, ಆ ನಕ್ಷತ್ರವೇ ಈಗ ಇರಲಿಕ್ಕಿಲ್ಲ ಎಂಬ ಮಾತು ಬಂದಿತ್ತು. ಆವತ್ತು ಆಕೆ ಯಾರನ್ನೂ ಬೈಯಲಿಲ್ಲ. ಒಲೆಯ ಮುಂದೆ ಕೂತವಳು ಹಾಗೇ ಕೂತಳು, ಒಗ್ಗರಣೆ ಸೀದುಹೋಯಿತು. ಅಂಥ ಇನ್ನೊಂದು ಮಾತು ಸಿಕ್ಕೀತು ಎಂಬ ಆಸೆಗೆ ಆಕೆ ಉಳಿದ ಕಸವನ್ನೆಲ್ಲ ಸಹಿಸಿಕೊಳ್ಳುತ್ತಿದ್ದಳು. ಸಹಿಸಿಕೊಳ್ಳುತ್ತಿದ್ದಳು ಎಂದರೆ, ಬೈಯುತ್ತ ಓದುತ್ತಿದ್ದಳು.

ಮೆಣಸಿನಕಾಯಿ ಸುಗ್ಗಿಯಲ್ಲಿ ಅವರ ಮನೆಯ ಹಿಂದಿನ ಅಂಗಳ ಪೂರ್ತಿ ಕೆಂಪಾಗುತ್ತಿತ್ತು. ಪೇಟೆಗೆ ಹೋಗುವ ಕಾಯಿಯ ತೊಟ್ಟು ಬಿಡಿಸಲು ಹೆಂಗಸರು ಕೂಲಿಗೆ ಬರುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡು ಕೂತರೂ ಸೀನು ತಪ್ಪದು, ಬೆರಳಿನ ಉರಿ ರಾತ್ರಿ ಉಣ್ಣುವಾಗಲೂ ಹೋಗದು. ಅವರಲ್ಲಿ ಹಿರಿಯಳು ದುಂಡವ್ವ. ನಾಲ್ಕು ಮಕ್ಕಳನ್ನು ಒಬ್ಬಳೇ ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಎಲ್ಲರಿಗಿಂತ ಚುರುಕು ಮರಿಯಮಬಿ. ಒಂದು ಸಲ ಕೇಳಿದ್ದನ್ನು ಕೇಳಿದ ಹಾಗೆಯೇ ಆಡಿ ತೋರಿಸುವವಳು. ಒಂದು ದಿನ ಕಟ್ಟೆಯ ಮೇಲೆ ಕೂತು ಓದುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದ ಮಹಾದೇವಕ್ಕನಿಗೆ ದುಂಡವ್ವನೇ ಹೇಳಿದಳು, "ಅಕ್ಕಾರ, ಒಬ್ಬರ ಯಾಕ ಸಿಟ್ಟಾಗ್ತೀರಿ? ಬಾಯಿಬಿಟ್ಟು ಓದ್ರಿ. ನಾವೂ ಆಗ್ತೀವಿ."

ಹೀಗೆ ಶುರುವಾದ ಓದು ಆ ಅಂಗಳದ ಪದ್ಧತಿಯಾಯಿತು. ಕೆಲಸ ಕೆಡುತ್ತದೆ ಎಂದು ಮೊದಲು ಮುಖ ಸಿಂಡರಿಸಿದ ಮಡಿವಾಳೆಪ್ಪ ಆಮೇಲೆ ಸುಮ್ಮನಾದ. ಕಥೆ ನಿಲ್ಲುವ ತನಕ ಯಾರೂ ಜಾಗ ಬಿಟ್ಟು ಏಳುತ್ತಿರಲಿಲ್ಲ. ಮಹಾದೇವಕ್ಕನಿಗೂ ಒಂದು ನೇಮವಿತ್ತು. ಯಾವ ಪುಸ್ತಕವನ್ನೇ ಆಗಲಿ ಮೊದಲು ತಾನೊಬ್ಬಳೇ ಪೂರ್ತಿ ಓದಿ, ಬೈದು ಮುಗಿಸಿ, ಆಮೇಲೆ ಅಂಗಳಕ್ಕೆ ತರುತ್ತಿದ್ದಳು.

ಆ ನೇಮ ತಪ್ಪಿದ್ದು ಎಂಬತ್ತಾರರಲ್ಲಿ. ಆ ವರ್ಷ ಆಕಾಶಕ್ಕೆ ಧೂಮಕೇತು ಬಂದಿತ್ತು. ರೇಡಿಯೋದಲ್ಲಿ ಅದೇ, ಪೇಪರಿನಲ್ಲಿ ಅದೇ, ಬಸ್ಸಿನಲ್ಲಿ ಅದೇ. ಹುಲಿಗೆಪ್ಪ 'ಧೂಮಕೇತುವಿನ ಬಾಲ ಹಿಡಿದು' ಎಂಬ ಹೊಚ್ಚ ಹೊಸ ಕಾದಂಬರಿಯನ್ನು ತಾನೇ ಮನೆಗೆ ತಂದುಕೊಟ್ಟ. ಹೆಂಗಸರು ಹೊದಿಕೆಯ ಮೇಲಿನ ಚಿತ್ರ ನೋಡಿದ್ದೇ ತಡ, ಈಗಲೇ ಓದಬೇಕೆಂದು ಹಟ ಹಿಡಿದರು. ಮಹಾದೇವಕ್ಕನಿಗೂ ತಡೆಯಲಾಗಲಿಲ್ಲ.

ಶುರು ಚೆನ್ನಾಗಿಯೇ ಇತ್ತು. ಧೂಮಕೇತುವನ್ನು ಹತ್ತಿರದಿಂದ ನೋಡಲು ಒಂದು ಗಗನನೌಕೆ ಹೊರಡುತ್ತದೆ. ಅದರ ನಾಯಕ ಕ್ಯಾಪ್ಟನ್ ವಿಶ್ವಜಿತ್, ಎತ್ತರದ ಆಳು, ಬೆಂಗಳೂರಿನವನು. ಜೊತೆಗೆ ಒಬ್ಬ ಡಾಕ್ಟರಮ್ಮ, ಕೆಲವರು ವಿಜ್ಞಾನಿಗಳು. ಭಾರವೇ ಇಲ್ಲದ ಆ ಜಾಗದಲ್ಲಿ ನೀರು ಗುಂಡುಗುಂಡಾಗಿ ತೇಲುವುದನ್ನು ಓದಿದಾಗ ಹೆಂಗಸರು ತೊಟ್ಟು ಬಿಡಿಸುವುದನ್ನೇ ಮರೆತರು. ಆಮೇಲೆ ಅಡುಗೆಯವನು ಬಂದ. "ಆಗ ದ್ಯಾಮಪ್ಪ ಒಳಗೆ ಬಂದನು" ಎಂದು ಓದಿದ ಮಹಾದೇವಕ್ಕನ ನಾಲಿಗೆ ಅಲ್ಲಿಗೇ ನಿಂತಿತು. ಓದಿ ಪಳಗಿದವರ ಕಣ್ಣು ನಾಲಿಗೆಗಿಂತ ಒಂದು ಸಾಲು ಮುಂದೆ ಇರುತ್ತದೆ. ಆ ಮುಂದಿನ ಸಾಲು ಆಕೆಗೆ ಕಂಡಿತ್ತು.

ದ್ಯಾಮಪ್ಪ ಉತ್ತರ ಕರ್ನಾಟಕದ ಯಾವುದೋ ಹಳ್ಳಿಯ ಒರಟ ಎಂದು ಬರೆದಿತ್ತು. ನೌಕೆಯಲ್ಲಿ ಎಲ್ಲರೂ ಶುದ್ಧ ಕನ್ನಡ ಆಡುವವರು, ಅವನೊಬ್ಬನ ಹೊರತು. ಅವನು ಬಾಯಿ ತೆರೆದರೆ ಉಳಿದವರು ನಗಬೇಕು. ಅದಕ್ಕಾಗಿಯೇ ಅವನನ್ನು ಆಕಾಶಕ್ಕೆ ಏರಿಸಿದ್ದು. "ಲೇ ಕ್ಯಾಪ್ಟನ್ ಸಾಹೇಬ, ರೊಟ್ಟಿ ತಿನ್ರಲೇ" ಎಂದು ಅವನು ಹಲ್ಲು ಕಿರಿಯುತ್ತಾನೆ. ದನ ಕಾಯುವ ಹುಡುಗರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತನ್ನು, ಅನ್ನ ಕೊಡುವ ಧಣಿಗೆ ನಮ್ಮ ಕಡೆಯ ಯಾವ ಆಳು ಆಡಿಯಾನು? ಈ ಲೇಖಕನಿಗೆ ನಮ್ಮ ಭಾಷೆ ಎಂದರೆ ಸಾಲಿಗೆರಡು 'ಲೇ', ಅಷ್ಟೆ. ಅದೂ ಸಾಲದು ಎಂಬಂತೆ, ಎರಡು ಅಧ್ಯಾಯದ ಹಿಂದೆ ಗುಂಡಾಗಿ ತೇಲುತ್ತಿದ್ದ ನೀರನ್ನು ದ್ಯಾಮಪ್ಪ ಇಲ್ಲಿ ಕೊಡದಿಂದ ಸುರಿದು ಹಿಟ್ಟು ನಾದುತ್ತಿದ್ದ.

ಮಹಾದೇವಕ್ಕ ತಲೆಯೆತ್ತಿ ನೋಡಿದಳು. ಸೆರಗು ಕಟ್ಟಿದ ಮುಖಗಳೆಲ್ಲ ಆಕೆಯತ್ತ ತಿರುಗಿದ್ದವು. ದಿನವಿಡೀ ಘಾಟು ಕುಡಿಯುವ ಆ ಹೆಂಗಸರಿಗೆ ಇದೊಂದು ಸಂತೋಷ. ಅವರನ್ನು ತನ್ನ ಅಂಗಳದಲ್ಲಿ ಕೂರಿಸಿಕೊಂಡು ತನ್ನ ಬಾಯಿಂದಲೇ ಅಣಕಿಸಬೇಕೇ? ಪುಸ್ತಕ ಮುಚ್ಚಿದರೆ ಏಕೆ ಮುಚ್ಚಿದಿರಿ ಎಂದು ಕೇಳುತ್ತಾರೆ, ಹೇಳಿದರೆ ಅಣಕಿಸಿದಂತೆಯೇ ಆಯಿತು. ಒಂದು ಕ್ಷಣ ಯೋಚಿಸಿ, ಸೆರಗು ಸರಿಮಾಡಿಕೊಂಡು, ಆಕೆ ದ್ಯಾಮಪ್ಪ, ಕ್ಯಾಪ್ಟನ್ ಇಬ್ಬರ ನಾಲಿಗೆಯನ್ನೂ ಅದಲುಬದಲು ಮಾಡಿಬಿಟ್ಟಳು.

"'ಸಾರ್, ಸ್ವಲ್ಪ ರೊಟ್ಟಿ ತಿಂತೀರಾ ಸಾರ್? ತುಂಬಾ ಚೆನ್ನಾಗಿದೆ ಅಲ್ವಾ ಸಾರ್?' ಅಂದನು ದ್ಯಾಮಪ್ಪ. ಕ್ಯಾಪ್ಟನ್ ವಿಶ್ವಜಿತ್ ಗಂಭೀರವಾಗಿ ನುಡಿದನು. 'ಅಲ್ಲಿಟ್ಟು ಹೋಗಪಾ. ಎಲ್ಲಾರೂ ತಮ್ಮ ತಮ್ಮ ಜಾಗಾಕ್ಕ ಕುಂಡರ್ರಿ, ಪಟ್ಟಾ ಬಿಗಿ ಮಾಡ್ಕೋರಿ. ಅಗದಿ ಜಲ್ದಿ.'"

ಅಂಗಳಕ್ಕೆ ಅಂಗಳವೇ ನಕ್ಕಿತು. ಊರಿನ ಬ್ಯಾಂಕಿಗೆ ಬೆಂಗಳೂರಿನಿಂದ ವರ್ಗವಾಗಿ ಬಂದ ಸಾಹೇಬನೊಬ್ಬನಿದ್ದ, ಅವನ ಮಾತೆಲ್ಲ ಹೀಗೆಯೇ. ಆ ವಾರವೆಲ್ಲ ಮರಿಯಮಬಿ ಓಣಿಯಲ್ಲಿ ಸಿಕ್ಕವರಿಗೆಲ್ಲ "ಅಲ್ವಾ ಸಾರ್" ಎನ್ನುತ್ತ ತಿರುಗಿದಳು. ಮಹಾದೇವಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಪುಸ್ತಕದಲ್ಲಿ ದ್ಯಾಮಪ್ಪ ಎಡವಿದಲ್ಲೆಲ್ಲ ಬೆಂಗಳೂರು ಎಡವಿತು. ಕ್ಯಾಪ್ಟನ್ ಗೆದ್ದಲ್ಲೆಲ್ಲ ಸಂಶಿ ಗೆದ್ದಿತು. ರಾತ್ರಿ ಒಬ್ಬಳೇ ಕೂತು ಮುಂದಿನದನ್ನು ಓದಿಕೊಂಡಿದ್ದರೆ ಒಳ್ಳೆಯದಿತ್ತು. ಆದರೆ ಇಂಥವನ ಪುಸ್ತಕಕ್ಕೆ ಅಷ್ಟು ಮರ್ಯಾದೆ ಏಕೆ ಕೊಡಬೇಕೆಂದು ಹಟಕ್ಕೆ ಬಿದ್ದು ಅದನ್ನು ಗೂಟಕ್ಕೆ ನೇತುಹಾಕಿದ ಚೀಲದಲ್ಲೇ ಬಿಟ್ಟಳು.

ಆ ಹಟ ಆಕೆಗೇ ತಿರುಗಿಬಿತ್ತು. ಕೊನೆಗೆ ಧೂಮಕೇತುವಿನ ಬಾಲ ತಾಗಿ ನೌಕೆಯ ಹಿಂಭಾಗ ಸೀಳಿತು. ಅದನ್ನು ಕಳಚಿ ಬಿಡದಿದ್ದರೆ ಎಲ್ಲರೂ ಸಾಯುತ್ತಾರೆ. ಕಳಚುವ ಹಿಡಿಕೆ ಇರುವುದು ಹಿಂಭಾಗದ ಒಳಗೇ. ಹೋದವನು ಹಿಂದಿರುಗುವಂತಿಲ್ಲ. ಮಹಾದೇವಕ್ಕ ಗತ್ತಿನಿಂದ ಕ್ಯಾಪ್ಟನ್ನನ ಮಾತು ಓದತೊಡಗಿದಳು.

"'ಯಾರರ ಒಬ್ಬರು ಹೋಗಬೇಕು. ನಾ ಹೋದ್ರ ನೌಕಾ ನಡಸಾವ್ರು ಯಾರು? ನಾ ಹೋಗಾಕ ಬರಂಗಿಲ್ಲ...'"

ಅಷ್ಟು ಓದಿದ ಮೇಲೆ ಆಕೆಗೆ ತಾನು ಏನು ಓದುತ್ತಿದ್ದೇನೆ ಎಂಬುದು ತಿಳಿಯಿತು.

"ಅಯ್ಯ, ಹಿಂಗ್ಯಾಕ ಹಿಂದ ಸರದ ಇಂವ?" ಎಂದಳು ದುಂಡವ್ವ.

ಮಹಾದೇವಕ್ಕನ ಕಿವಿ ಬಿಸಿಯಾದವು. ಹಿಂದೆ ಸರಿದವನ ಬಾಯಲ್ಲಿ ತನ್ನ ಊರಿನ ಮಾತಿತ್ತು, ಅದನ್ನು ಇಟ್ಟವಳು ತಾನೇ. ಓದು ಮುಂದುವರಿಸಿದಳು. ಮುಂದಿನ ಸಾಲಿನಲ್ಲಿ ದ್ಯಾಮಪ್ಪ ಕೈ ಒರೆಸಿಕೊಂಡು ಎದ್ದು, ಯಾರನ್ನೂ ಕೇಳದೆ ಹಿಂಭಾಗಕ್ಕೆ ಹೋಗಿ, ಒಳಗಿನಿಂದ ಬಾಗಿಲು ಹಾಕಿಕೊಂಡ. ಹಿಡಿಕೆ ಎಳೆಯುವ ಮುನ್ನ ಒಂದೇ ಒಂದು ಆಸೆ ಕೇಳಿದ, ರೇಡಿಯೋದಲ್ಲಿ ತನ್ನ ತಾಯಿಯ ಜೊತೆ ಮಾತಾಡಬೇಕೆಂದು. ಅವನ ಮಾತು ಅಚ್ಚಾಗಿತ್ತು: "ಲೇ ಯವ್ವಾ, ನಾ ಬರಂಗಿಲ್ಲಲೇ."

ನಮ್ಮ ಕಡೆ ತಾಯಿಯನ್ನು 'ಬೇ' ಎಂದು ಕರೆಯುತ್ತಾರೆ. 'ಲೇ' ಎನ್ನುವುದು ಹಿರಿಯರು ಕಿರಿಯರಿಗೆ, ತಾಯಿ ಮಗನಿಗೆ. ಹೆಂಡ ಕುಡಿದು ಗಟಾರದಲ್ಲಿ ಬಿದ್ದವನೂ ಹೆತ್ತವಳಿಗೆ 'ಲೇ' ಅನ್ನಲಾರ. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕಿವಿ ತೆರೆದುಕೊಂಡು ಕೂತಿದ್ದರೂ ಈ ಲೇಖಕನಿಗೆ ಅಷ್ಟು ಗೊತ್ತಾಗುತ್ತಿತ್ತು. ಧೂಮಕೇತುವಿನ ತನಕ ಹೋಗಿ ಬಂದವನಿಗೆ ಹುಬ್ಬಳ್ಳಿ ದೂರವಾಯಿತು. ಬದುಕಿರುವ ತನಕ ಅವನನ್ನು ನಗೆಗೀಡು ಮಾಡಿದ್ದು ಸಾಲದೆ ಸಾಯುವಾಗಲೂ ಮಾಡಬೇಕೇ?

ಆದರೂ ಓದಲೇಬೇಕಿತ್ತು. ಇಷ್ಟು ದಿನ ಕೊಟ್ಟ ದನಿಯಲ್ಲೇ "'ಅಮ್ಮಾ, ನಾನು...'" ಎಂದು ಎತ್ತಿಕೊಂಡಳು. ಮುಂದೆ ಹೋಗಲಾಗಲಿಲ್ಲ. ಮತ್ತೊಮ್ಮೆ "'ಅಮ್ಮಾ...'" ಎಂದು ನಿಂತಳು.

"ಅಕ್ಕಾರ," ಎಂದಳು ಮರಿಯಮಬಿ. "ಇನ್ನರ ಅಂವನ ಮಾತು ಅಂವಗ ಕೊಟ್ಟುಬಿಡ್ರಿ."

"ಯಾವ ಮಾತು?"

"ದ್ಯಾಮಪ್ಪ ಅಂತ ಹೆಸರಿಟ್ಕೊಂಡಂವ ಅಲ್ವಾ ಸಾರ್ ಅಂತಾನೇನ್ರಿ? ಬೆಂಗಳೂರಾಗ ಯಾರು ದ್ಯಾಮಪ್ಪ ಅಂತ ಹೆಸರಿಡತಾರ? ಮೊದಲ್ನೇ ದಿನಾನ ನಮಗ ಗೊತ್ತಾತು."

ಹೆಸರನ್ನು ಬದಲಾಯಿಸಬೇಕೆಂದು ಮಹಾದೇವಕ್ಕನಿಗೆ ಹೊಳೆದೇ ಇರಲಿಲ್ಲ. "ಗೊತ್ತಿದ್ದೂ ಸುಮ್ಮಕ ಯಾಕ ಕುಂತ್ರಿ?" ಎಂದಳು. ಆಕೆಯ ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆ ಎಂದು ಆಕೆಗೂ ಗೊತ್ತಿರಲಿಲ್ಲ.

"ನೀವು ನಮ್ಮ ಸಲುವಾಗಿ ಅಷ್ಟು ಕಷ್ಟಪಟ್ಟು ತಿರುವಿ ಓದತಿದ್ರಿ," ಎಂದಳು ದುಂಡವ್ವ. "ಕೇಳಾಕ ಚಲೋ ಇತ್ತು, ಸುಮ್ಮನಿದ್ವಿ. ಆದ್ರ ಈಗ ಅಂವ ತಾಯಿ ಕೂಡ ಮಾತಾಡಾಕತ್ತಾನ್ರಿ. ತಾಯಿಗೆ ಮಗನ ಮಾತು ಗುರ್ತು ಸಿಗಬೇಕಲ್ಲ."

ಮಹಾದೇವಕ್ಕ ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದುಕೊಂಡಳು. ಅಲ್ಲಿ ಅಚ್ಚಾದದ್ದನ್ನು ಓದಲಿಲ್ಲ. ಯಾರ ದನಿಯನ್ನೂ ಅನುಕರಿಸಲಿಲ್ಲ. ಅಣ್ಣಿಗೇರಿಯ ತವರಿನಲ್ಲಿ ತಾನು ಆಡುತ್ತಿದ್ದ ಹಾಗೆ ಆಡಿದಳು.

"'ಯವ್ವಾ, ನಾ ಬರೂದಿಲ್ಲ ಬೇ.'"

ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ. ಹೆಂಗಸರು ರಟ್ಟೆಯಿಂದ ಒರೆಸಿಕೊಂಡರು.

"ಅವರವ್ವ ಏನಂದ್ಲ್ರಿ?" ಎಂದಳು ಮರಿಯಮಬಿ.

ಮಹಾದೇವಕ್ಕ ಹಾಳೆ ತಿರುವಿದಳು. ರೇಡಿಯೋ ಕಡಿದುಹೋಗಿತ್ತು. ಮುಂದಿನ ಅಧ್ಯಾಯದಲ್ಲಿ ಕ್ಯಾಪ್ಟನ್ನನಿಗೆ ಮಾಲೆ, ಮೆರವಣಿಗೆ, ಡಾಕ್ಟರಮ್ಮನ ಜೊತೆ ಮದುವೆ. ಮಾಲೆ ಯಾವ ಹೂವಿನದು ಎಂಬುದನ್ನು ಕೂಡ ಬರೆದಿದ್ದ ಆ ಪುಣ್ಯಾತ್ಮ, ದ್ಯಾಮಪ್ಪನ ತಾಯಿಗೆ ಒಂದು ಮಾತು ಕೊಟ್ಟಿರಲಿಲ್ಲ. ಹೆಸರನ್ನೂ ಕೊಟ್ಟಿರಲಿಲ್ಲ. ಮಹಾದೇವಕ್ಕ ಆ ಹಾಳೆಯನ್ನೂ ಮುಂದಿನದನ್ನೂ ಕೊನೆಯದನ್ನೂ ತಿರುವಿ ಹುಡುಕಿದಳು. ಎಂದೂ ಬೈಗುಳಕ್ಕೆ ತಡಕಾಡದವಳಿಗೆ ಆಗ ಒಂದೂ ನೆನಪಿಗೆ ಬರಲಿಲ್ಲ.

"ಏನಂತಾಳ?" ಎಂದಳು ದುಂಡವ್ವ, ಕೈಯಲ್ಲಿನ ಕಾಯಿಯ ತೊಟ್ಟು ಮುರಿಯುತ್ತ. "'ಉಂಡಿಯೇನಲೇ' ಅಂದಿರತಾಳ. ಮತ್ತೇನು ಕೇಳ್ತಾಳ? ಅಷ್ಟು ಮಂದಿಗೆ ಬಡಿಸಿದ, ಅಂವನ್ನ ಯಾರರ ಕೇಳಿದ್ರೇನು?"

ಮಹಾದೇವಕ್ಕ ಮತ್ತೆ ಹಾಳೆ ತಿರುವಿ ರೇಡಿಯೋ ಕಡಿದುಹೋದ ಜಾಗಕ್ಕೆ ಬಂದಳು. ಅಲ್ಲಿ ಬೆರಳಿಟ್ಟು, ಪುರಾಣ ಓದುವಾಗಿನ ನಿಧಾನದಲ್ಲಿ ಓದಿದಳು.

"'ಉಂಡಿಯೇನಲೇ?' ಅಂದಳು ಅವ್ವ."

ಆಮೇಲೆ ಪುಸ್ತಕ ಮುಚ್ಚಿದಳು. ಕ್ಯಾಪ್ಟನ್ನನ ಮಾಲೆಯನ್ನು ಕೇಳುವವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ. ಮರಿಯಮಬಿ ಮೆಲ್ಲಗೆ ಕೇಳಿದಳು, "ಅಕ್ಕಾರ, ಅದು ಖರೇನ ಪುಸ್ತಕದಾಗ ಐತೇನ್ರಿ?"

"ಇಲ್ಲ," ಎಂದಳು ಮಹಾದೇವಕ್ಕ. "ಅಂವಗ ಬರಿಯಾಕ ಬಂದಿಲ್ಲ."